ಮೂರು ಬೆರಳಿನ ಇಸ್ಪೀಟು

"ಎಡಗೈ ಬೇಡ. ಬಲಗೈಯಲ್ಲೇ ಎತ್ತಿ."

ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ, ಎದುರು ಬಂದು ಕುಳಿತ ಅಪರಿಚಿತನನ್ನು ಅವಳು ದುರುಗುಟ್ಟಿ ನೋಡಿದಳು. ಮೇಜಿನ ಮೇಲೆ ಅವನಿಟ್ಟ ಒಂದು ಕಟ್ಟು ಇಸ್ಪೀಟೆಲೆ. ಅವಳ ಬಲಗೈಯಲ್ಲಿ ಉಳಿದಿದ್ದದ್ದು ಮೂರೇ ಬೆರಳು. ಇನ್ನೆರಡನ್ನು ಹೋದ ತಿಂಗಳು ಡಬ್ಬಿ ಕಾರ್ಖಾನೆಯಲ್ಲಿ ರಟ್ಟು ಕತ್ತರಿಸುವ ಯಂತ್ರ ತಿಂದಿತ್ತು.

"ನೀವ್ಯಾರು ಹೇಳೋಕೆ?"

"ನಾನೂ ಅದೇ ಕಾರ್ಖಾನೇಲಿ ಇದ್ದೋನು." ಅವನು ಕಣ್ಣು ತಗ್ಗಿಸಿದ. "ಕೈ ಮುರಿದಾಗ ಇದನ್ನೇ ಆಡ್ತಿದ್ದೆ. ಜೊತೆಗೆ ಯಾರೂ ಬೇಡ, ಒಬ್ಬರೇ ಆಡ್ಬಹುದು."

ಜೊತೆಗೆ ಯಾರೂ ಬೇಡ... ಆ ಮಾತು ಅವಳಿಗೆ ಹಿಡಿಸಿತು. ಮದುವೆ ಗೊತ್ತಾಗಿದ್ದ ಹುಡುಗ ಬಂದು ಕೈ ನೋಡಿಕೊಂಡು ಹೋದವನು ಮತ್ತೆ ಇತ್ತ ತಲೆ ಹಾಕಿರಲಿಲ್ಲ.

ಅವನು ದಿನಾ ಮಧ್ಯಾಹ್ನ ಬಂದ. ಏಳು ಸಾಲು ಹಾಕಿಸಿದ. ಮೊದಲ ಸಾಲಿಗೆ ಒಂದೆಲೆ, ಎರಡನೆಯದಕ್ಕೆ ಎರಡು, ಹೀಗೆ ಏಳನೆಯದಕ್ಕೆ ಏಳು. ಪ್ರತಿ ಸಾಲಿನ ಕೊನೆಯ ಎಲೆಗೆ ಮಾತ್ರ ಮುಖ ಮೇಲೆ. ಉಳಿದ ಎಲೆಗಳನ್ನು ಪಕ್ಕದಲ್ಲಿಟ್ಟು ತಿರುವುತ್ತಾ ಹೋಗಬೇಕು.

"ಕೆಂಪು ಒಂಬತ್ತರ ಮೇಲೆ ಕಪ್ಪು ಎಂಟು, ಅದರ ಮೇಲೆ ಕೆಂಪು ಏಳು. ಎಕ್ಕ ಸಿಕ್ಕಿದ್ರೆ ಸಾಲುಗಳ ಮೇಲ್ಗಡೆ ಬೇರೆಯಾಗಿ ಇಡಿ. ಅದರ ಮೇಲೆ ಅದೇ ಗುರುತಿನ ಎರಡು, ಮೂರು... ರಾಜನವರೆಗೆ. ನಾಲ್ಕೂ ಗುರುತು ಮುಗಿದ್ರೆ ಗೆದ್ರಿ."

"ಸಾಲು ಖಾಲಿಯಾದ್ರೆ?"

"ಅಲ್ಲಿ ರಾಜ ಮಾತ್ರ ಕೂರ್ಬಹುದು."

"ಇಲ್ಲೂ ದೊಡ್ಡವರದ್ದೇ ದರ್ಬಾರು."

ಅವನು ನಕ್ಕ. ಅಪಘಾತವಾದ ಮೇಲೆ ಅವಳೆದುರು ಯಾರೂ ನಕ್ಕಿರಲಿಲ್ಲ.

ಎಲೆಗಳು ಜಾರಿ ಬೀಳುತ್ತಿದ್ದವು. ಅವನು ಒಮ್ಮೆಯೂ ಎತ್ತಿಕೊಡಲಿಲ್ಲ. ಅವಳೇ ಬಗ್ಗಿ, ಹಲ್ಲು ಕಚ್ಚಿ ಎತ್ತುತ್ತಿದ್ದಳು. ಮೂರನೇ ವಾರ ಚಮಚ ಹಿಡಿದಳು.

ಅದೇ ವಾರ ಕಾರ್ಖಾನೆಯ ಮ್ಯಾನೇಜರು ಮನೆಗೆ ಬಂದರು. ತಪ್ಪು ತನ್ನದೇ ಎಂದು ಅವಳು ಸಹಿ ಮಾಡಬೇಕಂತೆ. ಅವರು ಹೋದ ಮೇಲೆ ಅತ್ತಿಗೆ ಮೆಲ್ಲಗೆ ಹೇಳಿದಳು.

"ದಿನಾ ಆಸ್ಪತ್ರೆಗೆ ಬರ್ತಾನಲ್ಲ, ಅವನ್ಯಾರು ಗೊತ್ತಾ? ಬೆಳಿಗ್ಗೆ ನೀವೆಲ್ಲ ಬರೋ ಮುಂಚೆ ನಿನ್ನ ಯಂತ್ರ ನೋಡ್ಕೊಳ್ತಿದ್ದ ಮೆಕ್ಯಾನಿಕ್ಕು ಕಣೇ."

'ನನ್ನನ್ನ ಮೆತ್ತಗೆ ಮಾಡೋಕೆ ಕಳಿಸಿದ್ರಾ...' ಅವಳು ಸಹಿಯ ಕಾಗದವನ್ನು ಪಕ್ಕಕ್ಕೆ ಸರಿಸಿದಳು.

ಮರುದಿನ ಅವನು ಬರುತ್ತಲೇ ಕೇಳಿದಳು. "ಯಂತ್ರದ ಬ್ರೇಕು ಕೆಟ್ಟಿದ್ದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಎಲೆಗಳನ್ನೆಲ್ಲ ನೆಲಕ್ಕೆ ತಳ್ಳಿದಳು. "ಹೋಗಿ. ಮತ್ತೆ ಮುಖ ತೋರಿಸ್ಬೇಡಿ."

ಅವನು ಹೋದ.

ಅವಳು ಸಹಿ ಮಾಡದ ಕಾರಣ ಹತ್ತು ದಿನದ ನಂತರ ಕಾರ್ಮಿಕ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಅಧಿಕಾರಿ ಮೆಕ್ಯಾನಿಕ್ಕಿನ ಹೇಳಿಕೆ ಓದಿದರು. 'ಬ್ರೇಕ್ ಹಿಡಿಯುತ್ತಿಲ್ಲ, ಯಂತ್ರ ನಿಲ್ಲಿಸಿ ಎಂದು ಹೇಳಿದ್ದೆ. ಸಂಜೆಯವರೆಗೆ ಓಡಲಿ ಎಂದರು ಮ್ಯಾನೇಜರು. ನಾನು ಸುಮ್ಮನಾದೆ. ಆಕೆಯ ತಪ್ಪಿಲ್ಲ.'

"ಅಪಘಾತವಾದ ನಾಲ್ಕನೇ ದಿನವೇ ಬರೆದುಕೊಟ್ಟಿದ್ದಾರೆ," ಎಂದರು ಅಧಿಕಾರಿ. "ಐದನೇ ದಿನ ಕೆಲಸದಿಂದ ತೆಗೆದ್ರಂತೆ."

ಅವಳು ವಿಚಾರಿಸಿಕೊಂಡು ಹೋದಾಗ ಅವನು ಪಂಪ್ ರಿಪೇರಿ ಅಂಗಡಿಯಲ್ಲಿ ಮೋಟಾರು ಬಿಚ್ಚುತ್ತಿದ್ದ.

"ಬರೆದುಕೊಟ್ಟಿದ್ದನ್ನ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕ್ಷಮಿಸಿ ಅಂತ ಕೇಳಿದ ಹಾಗಾಗ್ತಿತ್ತು. ಆವತ್ತು ನಾನು ಸುಮ್ಮನಾಗಿದ್ದಂತೂ ನಿಜ."

"ಅದನ್ನ ನಾನು ಮರೆಯಲ್ಲ."

"ಮರೀಬೇಡಿ."

"ಮತ್ತೆ ದಿನಾ ಬಂದಿದ್ದು... ಕನಿಕರಕ್ಕಾ?"

"ಮೊದಲ ವಾರ ತಪ್ಪಿತಸ್ಥನಾಗಿ ಬಂದೆ. ಆಮೇಲೆ... ಬೆಳಿಗ್ಗೆ ಎದ್ದಾಗಿಂದ ಮಧ್ಯಾಹ್ನ ಆಗೋದನ್ನೇ ಕಾಯ್ತಿದ್ದೆ."

ಅವಳು ಬಲಗೈ ಚಾಚಿದಳು. ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ಗ್ರೀಸು ಹೋಗ್ತಿಲ್ಲ..."

"ಅಂಟಲಿ ಬಿಡು."

ಅವನು ಆ ಮೂರು ಬೆರಳನ್ನೂ, ಕಳೆದುಹೋದ ಎರಡರ ಮೊಂಡನ್ನೂ ಅಂಗೈಯೊಳಗೆ ತೆಗೆದುಕೊಂಡ.

"ನೋಯುತ್ತಾ?"

"ನೋಯುತ್ತೆ. ಬಿಡ್ಬೇಡ."