ಮಾನ್ವಿಯ ಶಾಟಿಗೆ ದೇವದುರ್ಗದ ನಗು

"ನಾ ಆತನ್ನ ನೋಡಿ ಯಾವಾಗ ನಕ್ಕೆ? ಹೇಳು!"

ರಾಯಚೂರಿನ ಸ್ಟುಡಿಯೋದ ಬಾಗಿಲಲ್ಲಿ ಅನುರಾಧಾ ಏದುಸಿರು ಬಿಡುತ್ತ ನಿಂತಿದ್ದಳು. ಮೌನೇಶನನ್ನು ಅವಳು ಏಕವಚನದಲ್ಲಿ ಮಾತನಾಡಿಸಿದ್ದು ಇದೇ ಮೊದಲು. ಅವಳ ಆ ಸಿಟ್ಟಿನಲ್ಲೂ ಅವನ ಹಾಳಾದ ಎದೆ ಒಂದು ಕ್ಷಣ ಕುಣಿಯಿತು.

ಮಾನ್ವಿಯಲ್ಲಿ, ವರನ ಮನೆಯಲ್ಲಿ ನಡೆದ ಅವಳ ನಿಶ್ಚಿತಾರ್ಥದ ವಿಡಿಯೋ ಎಡಿಟ್ ಮಾಡಿದವನು ಅವನೇ. ಅದರಲ್ಲಿ ವರ ನೋಡುತ್ತಾನೆ, ಅವಳು ನಗುತ್ತಾಳೆ. ಆದರೆ ಆ ನಗು ಮಾನ್ವಿಯದಲ್ಲ. ದೇವದುರ್ಗದಲ್ಲಿ ಅವಳ ಅಕ್ಕನ ಮದುವೆಗೆ ಹೋದಾಗ ಮೌನೇಶ ಶೂಟ್ ಮಾಡಿದ್ದು. "ಹುಡುಗಿ ಎಲ್ಲೂ ನಕ್ಕಿಲ್ಲ, ಏನರ ಮಾಡು" ಎಂದು ಸ್ಟುಡಿಯೋ ಮಾಲೀಕ ಗಂಟುಬಿದ್ದಿದ್ದ. ಹೇಗೂ ತನ್ನವಳಾಗುವುದಿಲ್ಲವಲ್ಲ ಎಂಬ ಹತಾಶೆಯಲ್ಲಿ ಇವನು ಅವಳ ಮುಖವಷ್ಟೇ ಉಳಿಯುವಂತೆ ಕತ್ತರಿಸಿ, ವರನ ನೋಟದ ಪಕ್ಕ ಅಂಟಿಸಿಬಿಟ್ಟ. ಕಂಡದ್ದನ್ನು ಕಂಡ ಹಾಗೆ ಬಿಡುವುದೂ ಎಡಿಟಿಂಗೇ, ಇಲ್ಲದ್ದನ್ನು ಜೋಡಿಸಿ ಹುಟ್ಟಿಸುವುದೂ ಎಡಿಟಿಂಗೇ. ಅವನ ಕೈಚಳಕಕ್ಕೆ ಬೆಂಕಿ ಬೀಳಲಿ!

"ಈ ಲಗ್ನ ಬ್ಯಾಡ ಅನ್ನಾಕ ಹೋದ್ನಿ. ಅಪ್ಪ ನಿನ್ನ ವಿಡಿಯೋ ತೋರಿಸಿದ. 'ಇಷ್ಟು ಚಂದ ನಕ್ಕೀಯಲ್ಲವ್ವಾ, ಈಗ್ಯಾಕ ಬ್ಯಾಡ?' ಅಂದ. ನಾಳಿ ಕಾರ್ಡು ಅಚ್ಚಿಗೆ ಹೋಗ್ತಾವ."

"ತಪ್ಪಾತು..."

"ನಿನ್ನ ತಪ್ಪು ಇಟ್ಕೊಂಡು ನಾ ಏನ್ ಮಾಡ್ಲಿ? ಆವತ್ತು ಯಾರ್ನ ನೋಡಿ ನಕ್ಕಿದ್ದೆ, ಗೊತ್ತಿಲ್ಲೇನು ನಿನಗ?"

ಗೊತ್ತಿತ್ತು. ಗೊತ್ತಿದ್ದೂ ಆ ನಗುವನ್ನು ಇನ್ನೊಬ್ಬನಿಗೆ ಕೊಟ್ಟಿದ್ದ. ಅವಳ ಕಣ್ಣು ತುಂಬಿಬಂತು. ಮೌನೇಶ ಲ್ಯಾಪ್‌ಟಾಪ್ ಎತ್ತಿಕೊಂಡ.

"ನಡೀರಿ, ಅಪ್ಪಾರ ಹತ್ರ ಹೋಗೂಣು."

"ಈಗ್ಯಾಕ 'ರಿ'?" ಎಂದಳು, ಅಳುತ್ತಲೇ ಓರೆಗಣ್ಣಿನಿಂದ ನೋಡುತ್ತ.

ಅವಳ ಅಪ್ಪ ಗದ್ದೆಪ್ಪನ ಎದುರು ಮೌನೇಶ ಎರಡೂ ಶಾಟುಗಳನ್ನು ಕತ್ತರಿಸದೆ ತೋರಿಸಿದ. ಮಾನ್ವಿಯಲ್ಲಿ ವರ ನೋಡುತ್ತಲೇ ಇದ್ದ. ಅನುರಾಧಾ ಸೆರಗಿನಿಂದ ಕಣ್ಣೊರೆಸಿಕೊಂಡು ನೆಲ ನೋಡುತ್ತಿದ್ದಳು. ಗದ್ದೆಪ್ಪನ ಮುಖ ಕಪ್ಪಿಟ್ಟಿತು.

ಆಮೇಲೆ ದೇವದುರ್ಗ. ಅವಳು ಕ್ಯಾಮೆರಾದತ್ತ ತಿರುಗಿದಳು, ಗುರುತು ಹಿಡಿದಳು, ಕಣ್ಣರಳಿಸಿ ನಕ್ಕಳು. ಕ್ಯಾಮೆರಾದ ಹಿಂದಿನಿಂದ ದನಿಯೊಂದು ಕೇಳಿಸಿತು: "ಹಂಗ ನಗಬ್ಯಾಡ್ರಿ, ಕೈ ನಡಗಾಕತ್ತಾವ."

"ಈ ದನಿ ಯಾರ್ದು?" ಎಂದ ಗದ್ದೆಪ್ಪ.

ಮೌನೇಶ ಲ್ಯಾಪ್‌ಟಾಪ್ ಮುಚ್ಚಿದ. ಇವರು ಹೊರಗಟ್ಟಿದರೆ ಊರು ಬಿಡುವುದೊಂದೇ ದಾರಿ.

"ನಂದ್ರೀ ಯಪ್ಪಾ."

ಗದ್ದೆಪ್ಪ ಮಗಳತ್ತ ನೋಡಿದ. ಅವಳು ಆಗಲೇ ಮೌನೇಶನ ಪಕ್ಕಕ್ಕೆ ಬಂದು ನಿಂತಿದ್ದಳು. ಕೊನೆಗೆ ಗದ್ದೆಪ್ಪ ಮಾನ್ವಿಗೆ ಫೋನ್ ಹಚ್ಚಿದ.

"ಬೀಗರ, ಕಾರ್ಡು ಅಚ್ಚಿಗೆ ಕೊಡಬ್ಯಾಡ್ರಿ. ನನ್ನ ಮಗಳು ನಿಮ್ಮ ಮನ್ಯಾಗ ನಕ್ಕೇ ಇಲ್ಲ."