ಅಪ್ಪನ ಕೈಯನ್ನಷ್ಟೇ ಕಲಿತ ಚಮಚ

"ನಿಲ್ಲಿಸಿ! ಈ ಚಮಚ ಇನ್ನೂ ಸಿದ್ಧವಾಗಿಲ್ಲ."

ಹೂಡಿಕೆದಾರರು ತುಂಬಿದ್ದ ಸಭಾಂಗಣದಲ್ಲಿ ಅವನು ಎದ್ದು ನಿಂತು ಹಾಗೆಂದಾಗ, ವೇದಿಕೆಯ ಮೇಲೆ ತನ್ನ ಚಮಚ ತೋರಿಸುತ್ತಿದ್ದ ಅವಳು ದಿಗ್ಗನೆ ತಿರುಗಿದಳು. ಬೇರೆ ಯಾರಾದರೂ ಆಗಿದ್ದರೆ ಸರಿ... ಇವನಾ?

ಅದು ವಿಶ್ವವಿದ್ಯಾಲಯದ ಇನ್‌ಕ್ಯುಬೇಷನ್ ಸೆಂಟರ್. ಕೋಳಿ ಮೊಟ್ಟೆಗೆ ಕಾವು ಕೊಡುವ ಹಾಗೆ, ಹೊಸ ಉದ್ದಿಮೆಗಳಿಗೆ ಮೇಜು, ಯಂತ್ರ, ಬುದ್ಧಿಮಾತು ಕೊಟ್ಟು ಸಾಕುವ ಜಾಗ. ಅವನು ಅಲ್ಲಿನ ಮಾರ್ಗದರ್ಶಿ. ಎಲ್ಲರ ಉತ್ಸಾಹಕ್ಕೂ ತಣ್ಣೀರೆರಚುತ್ತಾನೆಂದು ಹುಡುಗರು ಇಟ್ಟ ಹೆಸರು ‘ಬ್ರೇಕ್ ಸಾಹೇಬ’. ಆದರೆ ಅವಳು ಬೆಸುಗೆ ಹಾಕುವಾಗ ಬೆರಳು ಸುಟ್ಟುಕೊಂಡರೆ ಓಡಿ ಬರುತ್ತಿದ್ದವನೂ ಅವನೇ!

ಅವಳ ಅಪ್ಪ ದರ್ಜಿ. ಕೈನಡುಕ ಶುರುವಾಗಿ ಸೂಜಿ ಬಿಟ್ಟರು. ಆಮೇಲೆ ನಾಚಿಕೆಯಿಂದ ಬಾಗಿಲು ಹಾಕಿಕೊಂಡು ಒಬ್ಬರೇ ಉಣ್ಣತೊಡಗಿದರು. ನಡುಕಕ್ಕೆ ಎದುರಾಗಿ ಅಲುಗಿ, ತಾನು ಸ್ಥಿರವಾಗಿ ನಿಲ್ಲುವ ಚಮಚ ಮಾಡಿ ಆ ಬಾಗಿಲು ತೆರೆಸಿದ್ದಳು ಮಗಳು. ನಡುಕ ವಾರವಾರ ಬದಲಾಗುತ್ತಿತ್ತು. ವಾರವಾರ ಲ್ಯಾಬಿನ ಯಂತ್ರದಲ್ಲಿ ಚಮಚವನ್ನು ಸರಿಪಡಿಸಬೇಕಿತ್ತು. ಇವತ್ತು ಹೂಡಿಕೆ ಸಿಗದಿದ್ದರೆ ಮೇಜು ಖಾಲಿ ಮಾಡಬೇಕು... ಅಪ್ಪನ ಬಾಗಿಲು ಮತ್ತೆ ಮುಚ್ಚುತ್ತದೆ!

'ನಂಬಿಸಿ ಕತ್ತು ಕುಯ್ದ!'

ಹೂಡಿಕೆ ಕೈತಪ್ಪಿತು. ಲ್ಯಾಬಿನ ಕೀಲಿಯನ್ನು ಅವನ ಮುಖಕ್ಕೆ ಎಸೆಯಲು ಸಂಜೆ ಅವನ ಮನೆಗೇ ಹೋದಳು.

ಬಾಗಿಲು ತೆರೆದದ್ದು ಅವನ ತಾಯಿ. ಅವರ ಕೈಯೂ ನಡುಗುತ್ತಿತ್ತು. ಗಲ್ಲದಿಂದ ಕತ್ತಿನವರೆಗೆ ಕೆಂಪು ಬೊಬ್ಬೆ, ಮುಲಾಮು.

"ನೀನೇನಾ ಚಮಚದ ಹುಡುಗಿ? ಬಾಮ್ಮ."

"ಇದು... ಏನಾಯ್ತು ಅಮ್ಮ?"

"ನೀನು ನನ್ನ ಮಗನಿಗೆ ನೋಡೋಕೆ ಅಂತ ಕೊಟ್ಟಿದ್ದ ಇನ್ನೊಂದು ಚಮಚದಲ್ಲಿ ಬೆಳಗ್ಗೆ ಬಿಸಿ ಸೂಪು ಕುಡಿಯೋಕೆ ಹೋದೆ. ಅದು ನನಗಿಂತ ಜೋರಾಗಿ ನಡುಗಿಬಿಡ್ತು ಕಣಮ್ಮ!" ಅವರು ನಕ್ಕರು.

ಅಯ್ಯೋ... ಅಪ್ಪನ ಕೈಯೊಂದರಲ್ಲೇ ಪರೀಕ್ಷಿಸಿದ್ದಳು! ಚಮಚ ಕಲಿತದ್ದು ಅಪ್ಪನ ನಡುಕವನ್ನು ಮಾತ್ರ.

"ಬೆಳಗ್ಗೆಯಿಂದ ಫೋನ್ ಮಾಡ್ತಾನೇ ಇದ್ದೆ, ನೀನು ಆಫ್ ಮಾಡ್ಕೊಂಡಿದ್ದೆ," ಒಳಗಿನಿಂದ ಬಂದ ಅವನ ದನಿ ಸೋತಿತ್ತು. "ಕಾವು ಸಾಲದೆ ಮೊಟ್ಟೆ ಒಡೆದ್ರೆ ಮರಿ ಬದುಕಲ್ಲ ಕಣೇ."

"ಬದುಕೋದೇನು ಬಂತು? ಮೇಜೇ ಹೋಯ್ತಲ್ಲ! ಅಪ್ಪನಿಗೆ ಏನು ಹೇಳ್ಲಿ ನಾನು..." ಹೊಸ್ತಿಲ ಮೇಲೇ ಕುಸಿದು ಬಿಕ್ಕಿದಳು.

"ಹೋಗಿಲ್ಲ. ನನ್ನ ಜವಾಬ್ದಾರಿ ಮೇಲೆ ನಿನ್ನ ಮೇಜಿನ ಗಡುವು ಮುಂದೂಡಿಸಿದ್ದೀನಿ. ನಾಳೆಯಿಂದ ಮೆಡಿಕಲ್ ಕಾಲೇಜಿನ ರೋಗಿಗಳ ಕೈಯಲ್ಲಿ ಪರೀಕ್ಷೆ. ನೀನು ಸೋತರೆ ನನ್ನ ಕೆಲಸಾನೂ ಹೋಗುತ್ತೆ."

"ಯಾಕೆ? ಯಾಕೆ ಹೀಗೆಲ್ಲ ಮಾಡಿದ್ರಿ?"

"ಪ್ರೀತಿಸ್ತೀನಿ... ಅದಕ್ಕೆ."

ಕೀಲಿ ಅವಳ ಮುಷ್ಟಿಯಲ್ಲೇ ಉಳಿಯಿತು. ತಾಯಿ ಸದ್ದಿಲ್ಲದೆ ಒಳಗೆ ಹೋದರು. ಅವನು ಪಕ್ಕದಲ್ಲಿ ಕೂತು ಅವಳ ಕಣ್ಣೊರೆಸಿದ.

"ನಿಮ್ಮ ಕೈ ಯಾಕೆ ನಡುಗ್ತಿದೆ?"

"ಇದಕ್ಕೆ ಚಮಚ ಬೇಡ. ನೀನು ಹಿಡ್ಕೊಂಡ್ರೆ ಸಾಕು."

ಅವಳು ಹಿಡಿದುಕೊಂಡಳು.