ಹಗೇವಿನ ಮನೆಯ ನಕಾಶೆ

“ಆ ಕಲ್ಲ ಮುಟ್ಟಬ್ಯಾಡ್ರಿ!”

ಅಂಗಳದ ನಡುವಿನ ಹಾಸುಗಲ್ಲಿನ ಮೇಲೆ ಅಳತೆ ಪಟ್ಟಿ ಹಿಡಿದು ಬಗ್ಗಿದ್ದ ಉಜ್ವಲಾ ಬೆಚ್ಚಿ ತಲೆಯೆತ್ತಿದಳು. ತಲಬಾಗಿಲಲ್ಲಿ ಮನೆಯ ಮಗ ಭರತ ನಿಂತಿದ್ದ. ಕಬ್ಬಿನ ಹೊಲದಿಂದ ಬಂದ ಬೆವರು, ಏದುಸಿರು... ಕಣ್ಣಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚು.

“ನಾನು ಉಜ್ವಲಾ ರೀ, ನಿಪ್ಪಾಣಿಯಿಂದ ಬಂದೀನಿ. ಹೋಟೆಲ್ ನಕಾಶಾ ತೆಗ್ಯಾಕ ನಿಮ್ಮ ಅವ್ವಾರು ಕರಸ್ಯಾರ.”

“ಗೊತ್ತೈತ್ರಿ. ಎಲ್ಲಾ ಅಳೀರಿ. ಅದೊಂದ ಬಿಡ್ರಿ.”

ಎಂಥ ಮನುಷ್ಯನಪ್ಪಾ ಇವನು!

ಅಂಕಲಿಯ ಆ ಹಳೇ ಮನೆಯಲ್ಲಿ ನಾಲ್ಕು ಮಂದಿ ಕೂತು ಉಣ್ಣಲಿ ಎಂಬುದು ಭರತನ ಅವ್ವ ಗಿರಿಜವ್ವನ ಆಸೆ. ಉಜ್ವಲಾಗೆ ಅದು ಸ್ವಂತ ಹೆಸರಿನ ಮೊದಲ ಕೆಲಸ. ಮಣ್ಣಿನ ಮಾಳಿಗೆ, ಬೆಳಕಿಂಡಿ ಹಾಗೇ ಉಳಿಯಬೇಕು. ಹಿತ್ತಲಲ್ಲಿ ದ್ರಾಕ್ಷಿ ಚಪ್ಪರ. ಅದರಡಿ ಕೃಷ್ಣೆಯ ದಂಡೆಯಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಟ್ಟೆ. ಎಲ್ಲದರ ನಡುವೆ... ಆ ಕಲ್ಲಿನ ಕೆಳಗಿನ ಹಗೇವು! ಹಿಂದಿನವರು ನೆಲದೊಳಗೆ ಜೋಳ ತುಂಬಿಡುತ್ತಿದ್ದ ಕಣಜ. ಅದನ್ನು ತೆರೆದು, ಮೇಲೆ ಗಾಜು ಹಾಸಿ, ಸುತ್ತ ಜನರನ್ನು ಕೂರಿಸಬೇಕು. ಅದಿಲ್ಲದಿದ್ದರೆ ನಕಾಶೆಗೆ ಜೀವವೇ ಇಲ್ಲ.

ಮಳೆಗಾಲ ಸರಿಯುವಷ್ಟರಲ್ಲಿ ಭರತ ಮೆತ್ತಗಾಗಿದ್ದ. ಮಾಳಿಗೆಗೆ ಯಾವ ಹೊಲದ ಮಣ್ಣು ಒಳ್ಳೆಯದೆಂದು ತೋರಿಸಲು ಬೈಕಿನಲ್ಲಿ ಕರೆದೊಯ್ಯುತ್ತಿದ್ದ.

“ಬಿಸಲಾಗ ಕರಗೀರಿ, ಇಂಜಿನಿಯರ್ ಬಾಯಾರ.”

“ಕರಗಿದ್ರ ನಿಮ್ಮ ಮಾಳಗಿಗೇ ಬಳೀರಿ!”

ಅವನು ನಗುತ್ತಿದ್ದ. ಅಂಗಳಕ್ಕೆ ಬಂದೊಡನೆ ಆ ನಗು ಸತ್ತುಹೋಗುತ್ತಿತ್ತು.

ಗಿರಿಜವ್ವ ಕಸ ಗುಡಿಸುತ್ತಾ ಪದ ಹೇಳುವವಳು. ಕಲ್ಲಿನ ಹತ್ತಿರ ಬಂದಾಗ ಪ್ರತಿ ಸಲವೂ ನುಡಿ ಅರ್ಧಕ್ಕೇ ನಿಲ್ಲುತ್ತಿತ್ತು. ಅಮಾವಾಸ್ಯೆಗೆ ಆ ಕಲ್ಲಿಗೆ ವಿಭೂತಿ ಹಚ್ಚಿ, ಬೆನ್ನು ತೋರಿಸದೆ ಹಿಂದಕ್ಕೆ ಸರಿಯುತ್ತಿದ್ದಳು. ಧಾನ್ಯದ ಪೂಜೆ ಇರಬೇಕೆಂದು ಉಜ್ವಲಾ ತಿಳಿದಿದ್ದಳು.

ಒಂದು ಮಧ್ಯಾಹ್ನ ಒಳಗಿನಿಂದ ಭರತನ ದನಿ ಕೇಳಿಸಿತು.

“ಅವ್ವಾ, ನಾಳಿಂದ ಆಕಿನ್ನ ಕರಸಬ್ಯಾಡ. ನನ್ನ ಕೈಲೆ ನೋಡಾಕ ಆಗೂದಿಲ್ಲ.”

ನೋಡಲಿಕ್ಕೂ ಆಗದಷ್ಟು ಬೇಡವಾದೆನೇ ನಾನು?

ಮರುದಿನ ಹಟದಿಂದಲೇ ಬಂದಳು. ಭರತ ಹೊಲಕ್ಕೆ ಹೋಗಿದ್ದ. ಹೊಸದಾಗಿ ಬಂದ ಗಾರೆ ಕೆಲಸದ ಗವಂಡಿ ನಬಿಸಾಬ ಹಾರೆ ಹಾಕುವ ಮುನ್ನ ಕೇಳಿದ, “ಮಾಲಕರಿಗೆ ಗೊತ್ತೈತೇನ್ ಬೇ?”

“ಗೊತ್ತೈತ್ರಿ ಕಾಕಾ.” ಸುಳ್ಳು ಹೇಳಿದಳು.

ಕಲ್ಲು ಸರಿಯಿತು. ಹುಳಿ ವಾಸನೆ ಮುಖಕ್ಕೆ ಬಡಿಯಿತು. ಗಾಳಿಯಿಲ್ಲ, ಸದ್ದಿಲ್ಲ. ಮೊಬೈಲಿನ ದೀಪ ಹಚ್ಚಿ ದಾರಕ್ಕೆ ಕಟ್ಟಿ ಇಳಿಬಿಟ್ಟಳು. ತಳದವರೆಗೂ ಬೆಳಕು... ಹೆದರುವುದೇನಿದೆ? ನಬಿಸಾಬ ಹಗ್ಗ ತರುವವರೆಗೂ ಕಾಯದೆ ಏಣಿ ಹಾಕಿ ಇಳಿದಳು.

ಕೆಲವೇ ಮೆಟ್ಟಿಲು. ಕಾಲು ತನ್ನದಲ್ಲವೆನಿಸಿತು. ಕೂಗಬೇಕೆಂದರೆ ಬಾಯಿ ಬರಲಿಲ್ಲ. ಕೆಳಗೆ ದೀಪ ಮಾತ್ರ ಹಾಗೇ ಉರಿಯುತ್ತಿತ್ತು...

ಮೇಲಿನಿಂದ ಒಂದು ಕೈ ಅವಳ ಮಣಿಕಟ್ಟು ಹಿಡಿಯಿತು!

ಕಣ್ಣು ತೆರೆದಾಗ ಅಂಗಳದ ಕಟ್ಟೆಯ ಮೇಲಿದ್ದಳು. ಗಿರಿಜವ್ವ ಗಾಳಿ ಬೀಸುತ್ತಿದ್ದಳು. ಹೊಲದಿಂದ ಮರಳುವಾಗ ಹಗ್ಗ ತರುತ್ತಿದ್ದ ನಬಿಸಾಬನನ್ನು ಕಂಡು ಓಡಿಬಂದು, ಹಗೇವಿನ ಬಾಯಲ್ಲಿ ಬೋರಲು ಮಲಗಿ ಅವಳನ್ನು ಎಳೆದ ಭರತನ ಎದೆ ತುಂಬ ಮಣ್ಣು.

“ಉರಿಯೂ ಕಂದೀಲ ಇಳಸಬೇಕಿತ್ತ! ಕೆಟ್ಟ ಗಾಳಿ ಇದ್ರ ಅದು ಆರತೈತಿ. ಬ್ಯಾಟರಿ ಆರೂದಿಲ್ಲ... ಮನಷ್ಯಾ ಆರತಾನ. ನಮ್ಮಪ್ಪನೂ ಬ್ಯಾಟರಿ ಹಿಡಕೊಂಡ ಇಳದಿದ್ದ.”

ಉಜ್ವಲಾ ಎದ್ದು ಕೂತಳು. “ಮೊದಲ ಯಾಕ ಹೇಳಲಿಲ್ಲ?”

“ಹೇಳಿದ್ರ ಈ ಮನಿಗೆ ಹೆದರತೀರಿ, ಬರೂದ ಬಿಡತೀರಿ ಅಂತ...”

“ಕರಸಬ್ಯಾಡ ಅಂದವರು ನೀವಽ ಅಲ್ಲೇನು? ನೋಡಾಕ ಆಗೂದಿಲ್ಲ ಅಂದ್ರಿ!”

“ನೀವು ಆ ಕಲ್ಲಿನ ಸುತ್ತ ಅಡ್ಡಾಡೂದ ನೋಡಾಕ ಆಗೂದಿಲ್ಲ. ಜೀವ ಬಾಯಿಗೆ ಬರತೈತಿ, ಉಜ್ವಲಾ...”

ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಗಿರಿಜವ್ವ ಬೀಸಣಿಗೆ ಕೆಳಗಿಟ್ಟು ಎದ್ದಳು. “ಇಬ್ಬರಿಗೂ ಛಾ ಕಾಸತೇನಿ. ಜಗಳ ಮುಗಸ್ರಿ.”

ಉಜ್ವಲಾ ತೆರೆದ ಹಗೇವಿನ ಕಡೆ ನೋಡಿದಳು.

“ಹಗೇವಿಗೆ ಮಣ್ಣ ತುಂಬಸ್ರಿ.”

“ಅದಿಲ್ಲಂದ್ರ ನಕಾಶಾಕ್ಕ ಜೀವ ಇಲ್ಲ ಅಂತಿದ್ರಿ?”

“ಹೊಸಾ ನಕಾಶಾ ತೆಗೀತೀನಿ. ಅಡಗಿಮನಿ ಹಿಂದ ಒಂದ ಖೋಲಿ ಕೂಡಸತೀನಿ. ಗಿರಾಕಿಗಲ್ಲ.”

“ಮತ್ತ ಯಾರಿಗ್ರಿ?”

“ಎಲ್ಲಾ ಹೊಟ್ಯಾಗ ಇಟ್ಕೊಳ್ಳೂ ಒಬ್ಬ ಮನಷ್ಯಾಗ... ಮತ್ತ ದಿನಾ ಅವನ ಬಾಯಿ ಬಿಡಸೂ ಆಕಿಗೆ.”

ಭರತ ಮಣ್ಣಿನ ಕೈಯಲ್ಲೇ ಕಣ್ಣೊರೆಸಿಕೊಂಡು ಅವಳ ಕೈ ಹಿಡಿದ.

“ಕಿಡಕಿ ಹೊಳಿ ಕಡೆ ಇಡ್ರಿ.”

“ಇಡತೀನಿ... ಮೊದಲ ಕೈ ಬಿಡ್ರಿ, ನಿಮ್ಮವ್ವ ಛಾ ತರಾಕತ್ತಾರ.”

“ತರಲಿ ಬಿಡ್ರಿ.”